ದೋಣಿಗೆ ಪ್ಲಾಟ್‌ಫಾರ್ಮ್ ಇಲ್ಲ

ಕಾಚಿಗೂಡ ರೈಲು ನಿಲ್ದಾಣ 1916ರಿಂದ ಒಂದೇ ಕಡೆ ಇದೆ. ಬೆಳಿಗ್ಗೆ ಯಶವಂತಪುರಕ್ಕೆ ಹೊರಟ ವಂದೇ ಭಾರತ್ ರಾತ್ರಿ ಮರಳುವುದೂ ಅಲ್ಲಿಗೇ. ಡ್ರೋನ್ ನಂಬಿಕೊಂಡಿರುವುದು ಇಂಥದೇ ಕದಲದ ನಿಲ್ದಾಣವನ್ನು. ಏರುವ ಮುನ್ನ ಅದು ಉಪಗ್ರಹಗಳ ನೆರವಿನಿಂದ ತಾನಿರುವ ಜಾಗವನ್ನು ಗುರುತಿಟ್ಟುಕೊಳ್ಳುತ್ತದೆ. ಸಂಪರ್ಕ ತಪ್ಪಿದರೆ, ಬ್ಯಾಟರಿ ಇಳಿದರೆ ತಾನಾಗಿ ಅಲ್ಲಿಗೆ ವಾಪಸಾಗುತ್ತದೆ. ಇದಕ್ಕೆ ‘ಹೋಮ್ ಪಾಯಿಂಟ್’ ಎನ್ನುತ್ತಾರೆ. ಕನ್ನಡದಲ್ಲಿ ‘ಮನೆ’ ಎನ್ನುವುದಕ್ಕಿಂತ ‘ಹೊರಟ ಜಾಗ’ ಎಂದರೆ ವಾಸಿ. ಮನೆಯೆಂದರೆ ಯಾರೋ ಕಾದಿರುತ್ತಾರೆ ಎಂಬ ಸುಳ್ಳು ಧೈರ್ಯ ಬರುತ್ತದೆ.

ಕಾಚಿಗೂಡದ ಮದುವೆ ಫೋಟೋಗ್ರಾಫರ್ ಒಬ್ಬ ನಾಲ್ಕೈದು ಕಿಲೋಮೀಟರ್ ಆಚೆಯ ಹುಸೇನ್ ಸಾಗರದಲ್ಲಿ, ದೋಣಿಯಿಂದ ಡ್ರೋನ್ ಬಿಟ್ಟನೆನ್ನಿ. ಗಾಳಿಗೆ ದೋಣಿ ಗಂಟೆಗೆ 3 ಕಿ.ಮೀ. ತೇಲಿದರೂ 10 ನಿಮಿಷದಲ್ಲಿ ಅರ್ಧ ಕಿಲೋಮೀಟರ್ ಸರಿದಿರುತ್ತದೆ. ಡ್ರೋನ್ ಮಾತ್ರ ಹೊರಟ ಜಾಗಕ್ಕೇ ಬಂದು ನೀರಿಗಿಳಿಯುತ್ತದೆ. ಕೆಲವು ಡ್ರೋನ್‌ಗಳಲ್ಲಿ ಆ ಗುರುತನ್ನು ರಿಮೋಟ್ ಇರುವ ಕಡೆಗೆ ಬದಲಿಸಬಹುದು. ಆದರೆ ಬದಲಿಸಿದ ಮೇಲೂ ದೋಣಿ ಸರಿಯುತ್ತಲೇ ಇರುತ್ತದೆ.

ಆದ್ದರಿಂದ ದೋಣಿಯ ಮೇಲೆ ವಾಪಸಿನ ಬಟನ್ ನಂಬಿ ಒಬ್ಬನೇ ಡ್ರೋನ್ ಹಾರಿಸುವುದು ತಪ್ಪು. ಇಬ್ಬರು ಬೇಕು: ರಿಮೋಟ್‌ನಿಂದ ಕಣ್ಣು ಕೀಳದವನೊಬ್ಬ, ಗ್ಲೌಸ್ ಮತ್ತು ಕನ್ನಡಕ ಹಾಕಿ ಡ್ರೋನ್ ಹಿಡಿಯುವವನೊಬ್ಬ. ಎರಡನೆಯವನ ಕೂಲಿ ಉಳಿಸಲು ಹೋಗಿ ಬೆರಳು ಕೊಯ್ದುಕೊಳ್ಳುವುದು ಯಾವ ಲೆಕ್ಕಾಚಾರವೋ! ದೋಣಿ ಓಲಾಡುತ್ತಿದ್ದರೆ ಡ್ರೋನಿನ ಸಮತೋಲ ಅಳೆಯುವ ಸೆನ್ಸರ್ ಸರಿಯಾಗಿ ಸಿದ್ಧವಾಗುವುದಿಲ್ಲ. ಕಬ್ಬಿಣದ ಡೆಕ್ಕಿನ ಮೇಲಿಟ್ಟರೆ ದಿಕ್ಸೂಚಿಯೂ ತಪ್ಪಬಹುದು. ಅದಕ್ಕೇ ಅನುಭವಿಗಳು ಡ್ರೋನನ್ನು ಅಂಗೈ ಮೇಲೆ ಎತ್ತಿ ಹಿಡಿದು ಹಾರಿಸುತ್ತಾರೆ, ಕೈಯಲ್ಲೇ ಹಿಡಿಯುತ್ತಾರೆ. ಇಳಿಸುವಾಗ ಇನ್ನೊಂದು ಪೇಚಿದೆ. ಕೆಳಗಿನ ಸೆನ್ಸರ್‌ಗಳಿಗೆ ಅಲೆಯಾಡುವ ನೀರು ನೆಲದಂತೆ ಸ್ಥಿರವಾಗಿ ಕಾಣುವುದಿಲ್ಲ. ಚಾಚಿದ ಕೈಯನ್ನು ಅಡ್ಡಿಯೆಂದು ಬಗೆದು ಡ್ರೋನ್ ಮೇಲಕ್ಕೆ ನೆಗೆಯುವುದೂ ಉಂಟು. ಹೆದರಿ ಅದನ್ನು ಎಟುಕಿಸಿಕೊಳ್ಳಲು ಅಂಚಿಗೆ ಬಾಗಿದವನೇ ನೀರಿಗೆ ಬೀಳುವುದು. ಬ್ಯಾಟರಿ ಮೂರನೇ ಒಂದು ಭಾಗ ಉಳಿದಿರುವಾಗಲೇ ಕರೆಸಿಕೊಂಡರೆ ಎರಡು ಮೂರು ಸಲ ಯತ್ನಿಸಲು ಬಿಡುವಿರುತ್ತದೆ. ಸಿಗಲೇ ಇಲ್ಲವೆಂದರೆ ಡ್ರೋನ್ ಹೋಗಲಿ. ಆ ಕೆರೆ 1990ರಲ್ಲಿ ಬುದ್ಧನ ಏಕಶಿಲಾ ವಿಗ್ರಹವನ್ನೇ, ಸಾಗಿಸುತ್ತಿದ್ದ ಜನರ ಪ್ರಾಣದ ಜೊತೆಗೆ, ನುಂಗಿತ್ತು. ವಿಗ್ರಹ 1992ರಲ್ಲಿ ಮೇಲೆ ಬಂತು, ಹೋದವರು ಬರಲಿಲ್ಲ.

ಹಾಗೆ ನೋಡಿದರೆ ಹುಸೇನ್ ಸಾಗರದಲ್ಲಿ ದೋಣಿಯ ಅಗತ್ಯವೇ ಕಡಿಮೆ. ಒಂದು ಕಡೆ ಟ್ಯಾಂಕ್ ಬಂಡ್, ಇನ್ನೊಂದು ಕಡೆ ನೆಕ್ಲೆಸ್ ರೋಡ್. ದಡದಿಂದಲೇ ಬುದ್ಧ ಕಾಣುತ್ತಾನೆ. ಬೇಗಂಪೇಟೆ ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ದಡದಲ್ಲಾದರೂ ಅನುಮತಿ ಬೇಕೇ ಬೇಕು. ಮಲ್ಪೆಯ ಕಡಲಿನಲ್ಲಿ, ದಡ ಕಾಣದಷ್ಟು ದೂರ ಹೋದಾಗ, ಮಾತು ಬೇರೆ. ಅಲ್ಲಿ ಕೂಡ ಯಾವಾಗ ಹಾರಿಸಬೇಕೆಂದು ಹೇಳಬೇಕಾದವನು ದೋಣಿ ನಡೆಸುವವನು. ಎಂಜಿನ್ ತಗ್ಗಿಸಿ, ಮೂತಿಯನ್ನು ಗಾಳಿಗೆ ತಿರುಗಿಸಿ ದೋಣಿಯನ್ನು ನೆಟ್ಟಗಿಡುವುದು ಅವನ ಕೈಯಲ್ಲಿದೆ. ಬಾಡಿಗೆ ಕೊಟ್ಟವರು ಅವನನ್ನು ಆ ಮಾತು ಕೇಳುವುದೇ ಅಪರೂಪ.