ಬಿದ್ದವನ ಮೇಲೆ ಬೀಳುವ ಏಟು

ನಮ್ಮ ಧರ್ಮಕೇಂದ್ರದ ದಂಪತಿಗಳಿಬ್ಬರು ಹದಿನೈದು ವರ್ಷದ ಮಗನನ್ನು ಕರೆದುಕೊಂಡು ಈಚೆಗೆ ಗುರುಮನೆಗೆ ಬಂದಿದ್ದರು. ಹುಡುಗನಿಗೆ ಮಿಶ್ರ ಸಮರಕಲೆಯ, ಅಂದರೆ ಇಂದಿನ ಮಕ್ಕಳ ಬಾಯಲ್ಲಿ 'ಎಂ.ಎಂ.ಎ.'ಯ, ತರಬೇತಿಗೆ ಸೇರುವ ಹಂಬಲ. "ಅದು ಬರೀ ಬೀದಿ ಜಗಳ ಸ್ವಾಮಿ, ನೀವಾದರೂ ಬುದ್ಧಿ ಹೇಳಿ" ಎಂದರು ತಂದೆ. "ಇಲ್ಲ ಫಾದರ್, ಅದರಲ್ಲಿ ಏಳೆಂಟು ಕಲೆಗಳಿವೆ" ಎಂದ ಮಗ.

ಹುಡುಗನ ಮಾತೇ ಸರಿ. ತಂದೆಯ ಆತಂಕಕ್ಕೂ ಕಾರಣವಿದೆ. ಆದರೆ ಅವರು ತಪ್ಪು ಕಡೆಗೆ ಬೆರಳು ತೋರಿಸುತ್ತಿದ್ದರು.

ಬೀದಿ ಜಗಳಕ್ಕೆ ಗುರುವಿಲ್ಲ, ಪಾಠವಿಲ್ಲ. ಈ ಪಂದ್ಯಕ್ಕಾದರೋ ಬಾಕ್ಸಿಂಗ್ ಕೈಚಳಕವನ್ನೂ ಕಾಲಿನ ನಡೆಯನ್ನೂ ಕೊಟ್ಟಿದೆ. ಥಾಯ್ಲೆಂಡಿನ ಮುಯೆ ಥಾಯ್ ಮೊಣಕೈ, ಮೊಣಕಾಲು, ಮುಂಗಾಲುಗಳ ಹೊಡೆತಗಳನ್ನು ಕೊಟ್ಟಿದೆ. ಎದುರಾಳಿಯನ್ನು ನೆಲಕ್ಕೆ ಕೆಡವುವ ವಿದ್ಯೆ ಕುಸ್ತಿಯದು, ಎಸೆಯುವ ವಿದ್ಯೆ ಜೂಡೋದ್ದು. ನೆಲದ ಮೇಲೆ ಕೀಲು ಮುರಿಯುವಂತೆ ಹಿಡಿದು, ಕುತ್ತಿಗೆ ಬಿಗಿದು ಶರಣಾಗತಿ ಪಡೆಯುವ ವಿದ್ಯೆ ಬ್ರೆಜಿಲ್‌ನ ಜಿಯು-ಜಿಟ್ಸುವಿನದು. ಈ ಕೊನೆಯದರ ಬೇರು ಜಪಾನಿನಲ್ಲಿದೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆಯನ್ನು ತೆರೆದು ಜೂಡೋವನ್ನು ರೂಪಿಸಿದರು. ಆ ಶಾಲೆಯ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ತಲಪಿದರು. ಅವರಿಂದ ಕಲಿತ ಗ್ರೇಸಿ ಕುಟುಂಬ ಅದನ್ನು ತನ್ನದೇ ಕಲೆಯಾಗಿ ಬೆಳೆಸಿತು.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್ಪಿನ ಮೊದಲ ಕೂಟ ನಡೆದಾಗ ಆ ಕುಟುಂಬದ ರಾಯ್ಸ್ ಗ್ರೇಸಿ, ಸುಮಾರು 80 ಕಿಲೋ ತೂಕದ ಸಾಮಾನ್ಯ ಮೈಕಟ್ಟಿನ ಯುವಕ, ಒಂದೇ ರಾತ್ರಿ ಮೂವರನ್ನು ಶರಣಾಗಿಸಿದರು. ಆ ಮೂವರಲ್ಲಿ ಒಬ್ಬ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ತೊಟ್ಟು ಬಂದಿದ್ದ. ನೆಲಕ್ಕೆ ಬಿದ್ದ ಮೇಲೆ ಆ ಗ್ಲೌಸಿನಿಂದ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. 'ನನ್ನ ಕಲೆಯೇ ಶ್ರೇಷ್ಠ' ಎಂಬ ಒಬ್ಬೊಬ್ಬರ ಹಮ್ಮೂ ಮುರಿದುಬಿತ್ತು. ಅಂದಿನಿಂದ ಕುಸ್ತಿಪಟು ಬಾಕ್ಸಿಂಗ್ ಕಲಿಯಬೇಕಾಯಿತು, ಬಾಕ್ಸರ್ ನೆಲದ ಪಟ್ಟುಗಳನ್ನು ಕಲಿಯಬೇಕಾಯಿತು. ಇಷ್ಟರ ಮಟ್ಟಿಗೆ ಈ ಕ್ರೀಡೆಯ ಬಗ್ಗೆ ನನಗೆ ಗೌರವವಿದೆ.

ನನ್ನ ಜಗಳವಿರುವುದು ಈ ಕಲೆಗಳನ್ನು ಹೊಲಿದ ಜಾಗದಲ್ಲಿ.

ಬಾಕ್ಸಿಂಗಿನಲ್ಲಿ ಎದುರಾಳಿ ಬಿದ್ದರೆ ಹೊಡೆದವನು ದೂರದ ಮೂಲೆಗೆ ಸರಿಯಬೇಕು. ರೆಫರಿ ಹತ್ತರವರೆಗೆ ಎಣಿಸುತ್ತಾನೆ. ಮುಯೆ ಥಾಯ್‌ನಲ್ಲಿಯೂ ಬಿದ್ದವನನ್ನು ಹೊಡೆಯುವಂತಿಲ್ಲ. ಕುಸ್ತಿಯಲ್ಲಿ ಚಿತ್ ಮಾಡಿದರೆ ಪಂದ್ಯ ಮುಗಿಯಿತು. ಅಲ್ಲಿ ಏಟಿಗೆ ಎಡೆಯೇ ಇಲ್ಲ. ಜೂಡೋ ಪಂದ್ಯದಿಂದ ಹೊಡೆತಗಳನ್ನು ಕಾನೊ ಬೇಕೆಂದೇ ಹೊರಗಿಟ್ಟರು. ಜಿಯು-ಜಿಟ್ಸು ಪಂದ್ಯದಲ್ಲಿ ಸೋಲುತ್ತಿರುವವನು ಅಂಗೈಯಿಂದ ಎರಡು ಸಲ ತಟ್ಟಿದರೆ ಸಾಕು, ಹಿಡಿತ ಸಡಿಲಬೇಕು. ಪಂದ್ಯವನ್ನು ನಿಲ್ಲಿಸುವ ಅಧಿಕಾರ ಸೋತವನ ಕೈಯಲ್ಲಿದೆ. ನಮ್ಮ ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಲು ಘೋರ. ಅದೂ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ.

ಹೊಡೆಯುವ ಕಲೆಗಳು ಬಿದ್ದವನನ್ನು ಹೊಡೆಯಲಿಲ್ಲ. ಕೆಡವುವ ಕಲೆಗಳು ಹೊಡೆಯಲೇ ಇಲ್ಲ. ಇವೆರಡನ್ನೂ ಒಂದು ಪಂಜರದೊಳಗೆ ಕೂಡಿಸಿದಾಗ ಎರಡರಲ್ಲಿಯೂ ಇಲ್ಲದ ಮೂರನೆಯದೊಂದು ಹುಟ್ಟಿತು: ಕೆಡವಿ, ಎದೆಯ ಮೇಲೆ ಕುಳಿತು, ಮುಖಕ್ಕೆ ಗುದ್ದುವುದು. 1996ರಲ್ಲಿ ಎರಡು ಕೂಟಗಳನ್ನು ಗೆದ್ದ ಅಮೆರಿಕದ ಕುಸ್ತಿಪಟು ಮಾರ್ಕ್ ಕೋಲ್ಮನ್ ಇದನ್ನೇ ಒಂದು ವಿಧಾನವನ್ನಾಗಿ ಮಾಡಿದರು. ಅಪವಾದಗಳಿಲ್ಲವೆಂದಲ್ಲ. ಸೋವಿಯತ್ ಸೈನಿಕರಿಗಾಗಿ ರೂಪುಗೊಂಡ ಕಾಂಬ್ಯಾಟ್ ಸ್ಯಾಂಬೊದಲ್ಲಿ, ಬ್ರೆಜಿಲ್‌ನ ಹಳೆಯ 'ವಾಲೆ ಟುಡೊ' ಪಂದ್ಯಗಳಲ್ಲಿ ಇದು ಇತ್ತು. ಅವನ್ನು ಯಾರೂ ಮಕ್ಕಳ ಆಟವೆಂದು ಕರೆಯಲಿಲ್ಲ.

ಅಭಿಮಾನಿಗಳು ಸುಮ್ಮನಿರುವುದಿಲ್ಲ. ಸೆನೆಟರ್ ಜಾನ್ ಮೆಕೇನ್ ಈ ಪಂದ್ಯಗಳನ್ನು ಮನುಷ್ಯರ ಕೋಳಿ ಅಂಕವೆಂದು ಜರೆದ ಕಾಲ ಹೋಯಿತು, 2000ದ ನಂತರ ನ್ಯೂಜೆರ್ಸಿಯಲ್ಲಿ ಏಕರೂಪ ನಿಯಮಗಳು ಬಂದವು, ತೂಕದ ವರ್ಗಗಳಿವೆ, ರೆಫರಿ ಇದ್ದಾನೆ ಎನ್ನುತ್ತಾರೆ. ನಿಜ. ಅದೇ ನಿಯಮಗಳನ್ನು ಓದಿ ನೋಡಿ: ಬಿದ್ದವನ ತಲೆಗೆ ಒದೆಯಬಾರದು, ಮೊಣಕಾಲಿನಿಂದ ತಿವಿಯಬಾರದು, ಮುಷ್ಟಿಯಿಂದ, ಮೊಣಕೈಯಿಂದ ಹೊಡೆಯಬಹುದು! ಕಾಲಿಗೆ ಅಧರ್ಮವಾದದ್ದು ಕೈಗೆ ಹೇಗೆ ಧರ್ಮವಾಯಿತು? ಈ ಪ್ರಶ್ನೆಗೆ ನನಗೆ ಇನ್ನೂ ಉತ್ತರ ದೊರೆತಿಲ್ಲ.

ಅವರ ಇನ್ನೊಂದು ವಾದ ತೂಕದ್ದು. ಬಾಕ್ಸಿಂಗಿನ ಎಣಿಕೆಯೇ ಕ್ರೂರ; ತಲೆ ತಿರುಗಿ ಬಿದ್ದವನನ್ನು ಎಬ್ಬಿಸಿ ಮತ್ತಷ್ಟು ಏಟು ತಿನ್ನಲು ಕಳುಹಿಸುತ್ತದೆ ಎನ್ನುತ್ತಾರೆ. ಒಪ್ಪುತ್ತೇನೆ. ನಾನು ಬಾಕ್ಸಿಂಗಿನ ವಕೀಲನಲ್ಲ. 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಏಟು ಬಿದ್ದು ಕುಸಿದ ಮೈಸೂರಿನ ತರುಣ ಮನೆಗೆ ಮರಳಲಿಲ್ಲ. ನಿಂತವನ ತಲೆಗೆ ಬಿದ್ದ ಏಟೇ ಇಷ್ಟು ಮಾಡಬಲ್ಲುದಾದರೆ, ನೆಲಕ್ಕೆ ಒತ್ತಿಕೊಂಡ ತಲೆಗೆ, ಹಿಂದೆ ಸರಿಯಲು ಜಾಗವೇ ಇಲ್ಲದ ತಲೆಗೆ, ಬೀಳುವ ಏಟನ್ನು ಏನೆನ್ನಬೇಕು? ಬೀಳುವ ಗಳಿಗೆಗೂ ರೆಫರಿ ನಡುವೆ ಬರುವ ಗಳಿಗೆಗೂ ಮಧ್ಯೆ ಮೂರು ನಾಲ್ಕು ಕ್ಷಣಗಳಿರುತ್ತವೆ. ನಮ್ಮ ಮಕ್ಕಳ ಫೋನುಗಳಲ್ಲಿ ಮತ್ತೆ ಮತ್ತೆ ಓಡುವುದು ಆ ಕ್ಷಣಗಳೇ.

ನಮ್ಮ ದೇಶದ ಯುವಜನರೂ ಈಗ ಈ ಕಣದಲ್ಲಿದ್ದಾರೆ. 2024ರ ಜೂನ್ ತಿಂಗಳಲ್ಲಿ ಪೂಜಾ ತೋಮರ್ ಆ ಚಾಂಪಿಯನ್‌ಷಿಪ್ಪಿನಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ವಯಸ್ಕರು ತಿಳಿದು ಆರಿಸಿಕೊಂಡ ದಾರಿ ಅದು. ಆದರೆ ಊರೂರಿನಲ್ಲಿ 'ಆತ್ಮರಕ್ಷಣೆ' ಎಂಬ ಫಲಕ ತೂಗುಹಾಕಿ ಹನ್ನೆರಡು ಹದಿಮೂರರ ಮಕ್ಕಳಿಗೆ ಇದನ್ನು ಕಲಿಸುವವರನ್ನು ಕೇಳುತ್ತೇನೆ: ನೆಲಕ್ಕೆ ಬಿದ್ದವನಿಂದ ನಿಮ್ಮ ವಿದ್ಯಾರ್ಥಿಗೆ ಯಾವ ರಕ್ಷಣೆ ಬೇಕಾಗಿದೆ?

ಕುಸ್ತಿಯ ಪಟ್ಟು ಕಲಿಯಲಿ, ಜೂಡೋದ ಎಸೆತ ಕಲಿಯಲಿ, ಜಿಯು-ಜಿಟ್ಸುವಿನ ಬಿಗಿತ ಕಲಿಯಲಿ. ತಲೆಗೆ ಹೊಡೆಯುವುದನ್ನು ಬೆಳೆಯುವ ವಯಸ್ಸಿನಲ್ಲಿ ಬೇಡವೇ ಬೇಡ ಎನ್ನೋಣ. ಸೇರಿಸುವ ಮುನ್ನ ತರಬೇತುದಾರರನ್ನು ಇದೊಂದನ್ನು ನೇರವಾಗಿ ಕೇಳಲು ತಂದೆತಾಯಿಯರು ಸಂಕೋಚಪಡಬೇಕಿಲ್ಲ.

ಆ ಹುಡುಗ ಈಗ ವಾರಕ್ಕೆ ಮೂರು ಸಂಜೆ ಜೂಡೋ ತರಗತಿಗೆ ಹೋಗುತ್ತಾನೆ. ತಂದೆಗೆ ನನ್ನ ಮೇಲೆ ಇನ್ನೂ ತುಸು ಮುನಿಸು. ಗುರುಗಳು ಒಂದೇ ಮಾತಿನಲ್ಲಿ 'ಬೇಡ' ಎಂದುಬಿಡುತ್ತಾರೆಂದು ನಂಬಿ ಬಂದಿದ್ದರಂತೆ.