ರಾಜಿಹಣವೆಂದರೆ ಸುಲಿಗೆಯೇ?

ಸಣ್ಣ ಸಂಸ್ಥೆಯೊಂದು ಪೇಟೆಂಟ್ ದಾವೆ ಹೂಡಿ ದೈತ್ಯ ಕಂಪೆನಿಯಿಂದ ರಾಜಿಹಣ ಪಡೆದರೆ, ಅದನ್ನು ಸುಲಿಗೆಯೆಂದು ಜರೆಯುವವರಿದ್ದಾರೆ. ಮೊನ್ನೆ ಬಿ.ಸಿ.ರೋಡಿನಲ್ಲಿ ಸಿಕ್ಕಿದ ಹಳೆಯ ವಿದ್ಯಾರ್ಥಿಯೊಬ್ಬನ ವಾದವೂ ಇದೇ: “ಏನನ್ನೂ ತಯಾರಿಸದೆ ಕಾಗದ ಹಿಡಿದು ಕೂತವರು ಸಾರ್ ಅವರು.”

ಈ ಪಕ್ಷದವರು ಮೊದಲು ಹೆಸರಿಸುವುದು ಅಮೆರಿಕದ ಎನ್‌ಟಿಪಿಯನ್ನು. ಬ್ಲ್ಯಾಕ್‌ಬೆರಿ ತಯಾರಿಸುತ್ತಿದ್ದ ರಿಮ್ ಕಂಪೆನಿಯು 2006ರಲ್ಲಿ ಈ ಪುಟ್ಟ ಸಂಸ್ಥೆಗೆ 61.25 ಕೋಟಿ ಡಾಲರ್ ತೆತ್ತು ರಾಜಿಯಾಯಿತು. ಎನ್‌ಟಿಪಿ ಒಂದು ಫೋನನ್ನೂ ಮಾಡಿದ್ದಲ್ಲ, ನಿಜ. ಅದರ ಪೇಟೆಂಟುಗಳು ಆಗ ಮರುಪರಿಶೀಲನೆಯಲ್ಲಿದ್ದವೆಂಬುದನ್ನೂ ಒಪ್ಪುತ್ತೇನೆ. ಆದರೆ ಅದರ ಸ್ಥಾಪಕರಲ್ಲೊಬ್ಬರಾದ ಥಾಮಸ್ ಕ್ಯಾಂಪಾನಾ ನಿಸ್ತಂತು ಇ-ಮೇಲ್ ವ್ಯವಸ್ಥೆಯನ್ನು 1990ರ ಸುಮಾರಿಗೇ ರೂಪಿಸಿದ್ದರು. ರಾಜಿಹಣ ಬರುವಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷ ಸಮೀಪಿಸಿತ್ತು. ಟೊರಾಂಟೊದ ಐ-ಫೋರ್-ಐ ಸಂಸ್ಥೆಗಾದರೋ ಸ್ವಂತ ತಂತ್ರಾಂಶವೇ ಇತ್ತು. ಮೈಕ್ರೋಸಾಫ್ಟಿನ ‘ವರ್ಡ್’ ವಿರುದ್ಧ 2007ರಲ್ಲಿ ಹೂಡಿದ ದಾವೆಯಲ್ಲಿ ಸುಮಾರು 29 ಕೋಟಿ ಡಾಲರಿನ ತೀರ್ಪು ಸುಪ್ರೀಂ ಕೋರ್ಟಿನಲ್ಲಿ ಸ್ಥಿರಗೊಂಡದ್ದು 2011ರಲ್ಲಿ. ಇವರೂ ಸುಲಿಗೆಕೋರರೇ?

ನಮ್ಮ ಜಿಲ್ಲೆಗೆ ಈ ಮೂದಲಿಕೆ ಹೊಸತಲ್ಲ. 1974ರ ಭೂಸುಧಾರಣಾ ಕಾನೂನಿನನ್ವಯ ಗೇಣಿದಾರರು ಡಿಕ್ಲರೇಶನ್ ಕೊಟ್ಟಾಗಲೂ ‘ಧಣಿಯ ಭೂಮಿ ನುಂಗಿದರು’ ಎಂದವರಿದ್ದರು. ಅಲ್ಲಿ ಕಾಗದ ಹಿಡಿದವನು ಧಣಿಯಾಗಿದ್ದನಲ್ಲವೇ ಎಂದು ನೀವು ಕೇಳಬಹುದು. ಹೌದು, ನಾನು ನೋಡುವುದು ಕಾಗದವನ್ನಲ್ಲ, ಮೊದಲು ದುಡಿದವರು ಯಾರೆಂಬುದನ್ನು. ಫಾರಂ ನಂಬ್ರ 7 ಕೊಟ್ಟವರಿಗೆ ಭೂಮಿ ದಕ್ಕಿತು. ಮುಲಾಜಿಗೆ ಬಿದ್ದು ಸುಮ್ಮನುಳಿದವರ ಮಕ್ಕಳು ಇಂದಿಗೂ ಕೊರಗುತ್ತಿದ್ದಾರೆ.

ಅರ್ಜಿಯ ವಿಷಯದಲ್ಲಿ ನಾವು ಇನ್ನೂ ಎಚ್ಚತ್ತಿಲ್ಲ. ಅಡಿಕೆ ಮರವೇರುವ ಬೈಕು ರೂಪಿಸಿ 2019ರಲ್ಲಿ ದೇಶದ ಗಮನ ಸೆಳೆದವರು ನಮ್ಮ ಸಜೀಪಮೂಡದ ಕೃಷಿಕರು. ಇಂಥ ತಲೆಗಳಿಗೆ ಇಲ್ಲಿ ಬರವಿಲ್ಲ. ಆದರೆ ಯಂತ್ರ ಸಿದ್ಧವಾದೊಡನೆ ಅದನ್ನು ಮೇಳದಲ್ಲಿ ನಿಲ್ಲಿಸುವುದು, ವೀಡಿಯೋ ಹರಡುವುದು ನಮ್ಮ ಚಾಳಿ. ಅರ್ಜಿಗೆ ಮೊದಲೇ ಬಹಿರಂಗವಾದ ಯಂತ್ರವನ್ನು ಕಾನೂನು ಸಾಮಾನ್ಯವಾಗಿ ಹೊಸತೆಂದು ಒಪ್ಪದು. ಆಮೇಲೆ ದೊಡ್ಡ ಕಾರ್ಖಾನೆ ಅದನ್ನೇ ಮಾಡಿ ಮಾರಿದರೆ ರಾಜಿಗೆ ಕರೆಯಲು ಕೈಯಲ್ಲೇನಿದೆ? ನಮ್ಮ ರಾಜ್ಯದ ಅರ್ಜಿಗಳು ಹೋಗುವುದು ಚೆನ್ನೈಯ ಪೇಟೆಂಟ್ ಕಚೇರಿಗೆ. ಆನ್‌ಲೈನಿನಲ್ಲಿ ಸಲ್ಲಿಸಿದರೆ ವ್ಯಕ್ತಿಯೊಬ್ಬರಿಗೆ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷಣೆಗೆ 4,000. ದುಬಾರಿಯಾಗುವುದು ಕರಡು ಬರೆಯುವವರ ಸಂಭಾವನೆ.

ಮೇಳದ ಸಂಘಟಕರೇ, ಶಾಲು, ಹಾರ, ಫಲಪುಷ್ಪದ ದುಡ್ಡನ್ನು ಮೊದಲು ಆ ಶುಲ್ಕಕ್ಕೆ ಕಟ್ಟಿ. ಸನ್ಮಾನವನ್ನು ಮುಂದಿನ ವರ್ಷ ಮಾಡಿದರಾಯಿತು.