ಅಲಾರಂ ‘ಹಳೇದು’ ಎನ್ನುವ ತೀರ್ಪುಗಾರರಿಗೆ

ವಿಜ್ಞಾನ ಮೇಳಕ್ಕೆ ಮಕ್ಕಳು ಮಾಡಿ ತರುವ ಅಲಾರಂಗಳನ್ನು ಕಂಡರೆ ದೊಡ್ಡವರಿಗೆ ಏನೋ ತಾತ್ಸಾರ. ‘ಇದು ಪ್ರತಿ ವರ್ಷ ಬರುತ್ತೆ, ಹೊಸದೇನಿದೆ?’ ಎಂದು ಪಕ್ಕದ ಮೇಜಿಗೆ ಹೋಗಿಬಿಡುತ್ತಾರೆ. ಅಲ್ಲಿ ಥರ್ಮಾಕೋಲ್ ಬೆಟ್ಟ, ಅದಕ್ಕೆ ಹಸಿರು ಬಣ್ಣ, ಆನ್‌ಲೈನ್‌ನಲ್ಲಿ ತರಿಸಿದ ಸೆನ್ಸರ್ ಕಿಟ್. ಬಹುಮಾನವೂ ಅದಕ್ಕೇ. ನಾನು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಹೈಸ್ಕೂಲ್ ಮಕ್ಕಳಿಗೆ ಮಾದರಿ ಮಾಡಲು ನೆರವಾಗಿದ್ದೇನೆ. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ.

ಬಟ್ಟೆ ಒಣಹಾಕುವ ಕ್ಲಿಪ್ಪಿನ ಅಲಾರಂ ನೋಡಿ. ಕ್ಲಿಪ್ಪಿನ ಬಾಯಿಯ ಎರಡೂ ಕಡೆ ಫಾಯಿಲ್ ಸುತ್ತಿ, ಅವಕ್ಕೆ ಬ್ಯಾಟರಿ ಮತ್ತು ಬಜರ್‌ನ ತಂತಿ ಜೋಡಿಸಿ, ನಡುವೆ ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿಸುತ್ತಾರೆ. ಚೂರಿಗೆ ಕಟ್ಟಿದ ದಾರ ಬಾಗಿಲಿಗೆ. ಬಾಗಿಲು ತೆರೆದರೆ ಚೂರು ಕಳಚಿ, ಫಾಯಿಲ್‌ಗೆ ಫಾಯಿಲ್ ತಾಗಿ ಬಜರ್ ಕೂಗುತ್ತದೆ. ಬಾಗಿಲು ಮತ್ತೆ ಮುಚ್ಚಿದರೂ ನಿಲ್ಲುವುದಿಲ್ಲ. ಆದರೆ ಯಾರಾದರೂ ಮೊದಲೇ ತಂತಿ ಕತ್ತರಿಸಿದರೆ? ಅಲಾರಂ ಸುಮ್ಮನಾಗಿಬಿಡುತ್ತದೆ. ಈ ಪ್ರಶ್ನೆಯನ್ನು ಒಂದು ಮಗುವಿಗೆ ಕೇಳಿ ನೋಡಿ. ಕತ್ತರಿಸಿದಾಗಲೇ ಕೂಗುವ ಅಲಾರಂ ಆಗುತ್ತದಾ ಎಂದು ಅದು ತಾನಾಗಿ ಯೋಚಿಸತೊಡಗುತ್ತದೆ.

ಆಗುತ್ತದೆ. ಬೇಕಾಗುವುದು ಕೆಲವೇ ರೂಪಾಯಿಯ ಬಿಸಿ 547 ಟ್ರಾನ್ಸಿಸ್ಟರ್, 47 ಕಿಲೋ ಓಮ್‌ನ ಒಂದು ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ, ಬಜರ್, ಮತ್ತೆ ಸುಟ್ಟ ಮೋಟಾರಿನಿಂದ ಬಿಚ್ಚಿದ ತೆಳ್ಳನೆ ತಾಮ್ರದ ತಂತಿ (ತುದಿಯ ಎನಾಮಲ್ ಕೆರೆಯುವುದನ್ನು ಮರೆಯಬೇಡಿ). ಈ ತಂತಿ ಬೇಸ್ ಮತ್ತು ಎಮಿಟರ್ ನಡುವೆ ಇರುವವರೆಗೆ ರೆಸಿಸ್ಟರ್ ಮೂಲಕ ಬಂದ ಕರೆಂಟು ಅದರಲ್ಲೇ ಹರಿದುಹೋಗುತ್ತದೆ. ತಂತಿ ತುಂಡಾದ ಕ್ಷಣ ಅದೇ ಕರೆಂಟು ಬೇಸ್‌ಗೆ ಹೋಗಿ ಬಜರ್ ಕೂಗುತ್ತದೆ. ಕಾಯುತ್ತಿರುವಾಗ ಖರ್ಚಾಗುವುದು ಒಂದು ಮಿಲಿಆಂಪಿಯರ್‌ನ ಐದನೇ ಒಂದು ಭಾಗ ಮಾತ್ರ.

ಇದು ಆಟದ ಸಾಮಾನಲ್ಲ. ತೋವಿನಕೆರೆ ಸುತ್ತಮುತ್ತ, ಮಧುಗಿರಿ, ಪಾವಗಡದ ಕಡೆ ಕಡ್ಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಏನಾಗುತ್ತದೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ರೋಸಿಹೋದ ಕೆಲವರು ಬೇಲಿಗೆ ನೇರವಾಗಿ 230 ವೋಲ್ಟ್ ಕರೆಂಟು ಕೊಡುತ್ತಾರೆ. ಕಾನೂನಿನಲ್ಲಿ ಅದು ಅಪರಾಧ. ಆದರೂ ಅಂಥ ಬೇಲಿ ತಾಗಿ ಆನೆ, ಚಿರತೆ ಮಾತ್ರವಲ್ಲ, ಹೊಲದವರೇ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹೊಲದ ಸುತ್ತ ಮೊಳಕಾಲೆತ್ತರಕ್ಕೆ ಕಟ್ಟಿದ ಆ ತೆಳು ತಂತಿ 9 ವೋಲ್ಟಿನದು. ಮುಟ್ಟಿದ ಮಗುವಿಗೂ ಏನಾಗದು. ಬಜರ್‌ಗೆ ಹಂದಿ ಹೆದರಿ ಓಡುತ್ತದೆಂದು ನಾನು ಹೇಳುತ್ತಿಲ್ಲ. ಕಾವಲಿಗೆ ಮಲಗಿದವರ ತಲೆದೆಸೆಯಲ್ಲಿ ಕೂಗಿ ಎಬ್ಬಿಸಿದರೆ ಸಾಕು.

ನೀರಿನ ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ ಕೂಡ ಹೀಗೇ ‘ಹಳೇದು’. ಬೋರ್‌ವೆಲ್ ಬತ್ತುವ ಸೀಮೆಯಲ್ಲಿ ಟ್ಯಾಂಕ್ ತುಂಬಿ ಬೀದಿಗೆ ಹರಿಯುವುದೂ ಹಳೇದೇ ಅಲ್ಲವೇ? ಅದನ್ನು ನಿಜವಾಗಿ ಮನೆ ಮೇಲೆ ಇಟ್ಟ ಹುಡುಗನನ್ನು ಗುರುತಿಸುವುದು ಸುಲಭ. ನೀರಲ್ಲಿ ಮುಳುಗಿದ ತಾಮ್ರದ ತಂತಿ ಕೆಲ ತಿಂಗಳಲ್ಲೇ ಹಸಿರುಗಟ್ಟಿ ಸವೆಯುತ್ತದೆಂದೂ, ಅದರ ಬದಲು ಸ್ಟೀಲ್ ಚಮಚ ಕಟ್ಟಿದರೆ ಬಾಳಿಕೆ ಬರುತ್ತದೆಂದೂ ಅವನಿಗೆ ಗೊತ್ತಿರುತ್ತದೆ. ಮೇಳದ ಹಿಂದಿನ ರಾತ್ರಿ ಕಿಟ್ ಜೋಡಿಸಿದವನಿಗೆ ಇದು ಗೊತ್ತಿರಲು ಸಾಧ್ಯವಿಲ್ಲ.

ಆದ್ದರಿಂದ ತೀರ್ಪುಗಾರರು ಒಂದು ತಂತಿ ಕಿತ್ತು ‘ಈಗೇನಾಗುತ್ತೆ?’ ಎಂದು ಕೇಳಲಿ. ಮೇಳ ಮುಗಿದ ಮೇಲೆ ಇದನ್ನು ಎಲ್ಲಿಡುತ್ತೀಯ ಎಂದೂ ಕೇಳಲಿ. ಅಲಂಕಾರಕ್ಕೆ ಅಂಕ ಕೊಡುವುದಾದರೆ ಚಿತ್ರಕಲಾ ಸ್ಪರ್ಧೆಯಲ್ಲಿ ಕೊಡಲಿ.

ನಮ್ಮ ಭೌತಶಾಸ್ತ್ರದ ಉಪನ್ಯಾಸಕರಲ್ಲೂ ಒಂದು ಕೋರಿಕೆ. ಪ್ರಯೋಗಾಲಯದ ಮಲ್ಟಿಮೀಟರ್ ಮತ್ತು ಬೆಸುಗೆ ಹಾಕುವ ಕಡ್ಡಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಹೈಸ್ಕೂಲ್ ಮಕ್ಕಳಿಗೂ ಸಿಗುವಂತಾಗಲಿ. ಜೊತೆಗೆ ಕೂರಲು ನಾವು ನಾಲ್ಕೈದು ಜನ ಸಿದ್ಧರಿದ್ದೇವೆ.